ತುಂಗಕ್ಕನ ಸ್ವಂತ ಹಸಿವು

ಆ ಊರಿನಲ್ಲಿ ನಾನು ಮಾಡಿದ ಮೊದಲ ತಪ್ಪೆಂದರೆ ಉದರ ಕಚೇರಿಯ ಸಾಹೇಬರನ್ನು "ಊಟ ಆಯ್ತಾ ಸಾರ್?" ಎಂದು ಕೇಳಿದ್ದು. ಮಧ್ಯಾಹ್ನ ಎರಡು ಗಂಟೆ, ಮೊದಲ ಭೇಟಿ, ಕೈಯಲ್ಲಿ ಅರ್ಜಿ, ಮುಖದ ತುಂಬ ನಗು. ಹದಿನೆಂಟು ವರ್ಷ ಔಷಧಿ ಕಂಪನಿಗಳ ಚೀಲ ಹೊತ್ತು ಡಾಕ್ಟರುಗಳ ಬಾಗಿಲು ಕಾದ ಅರಸೀಕೆರೆಯ ಚಂದ್ರಮೌಳಿಗೆ, ಅಂದರೆ ನನಗೆ, ಮಾತು ಶುರುಮಾಡಲು ಇದಕ್ಕಿಂತ ಸುರಕ್ಷಿತವಾದ ವಾಕ್ಯ ಗೊತ್ತಿರಲಿಲ್ಲ. ಟೈಪು ಮಾಡುತ್ತಿದ್ದ ಹೆಂಗಸು ಕೈ ನಿಲ್ಲಿಸಿದಳು. ಜವಾನ ಗೋಡೆಯ ಕಡೆ ತಿರುಗಿ ನಿಂತ. ಸಾಹೇಬರಾದ ಚಿದಂಬರಯ್ಯನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನನ್ನ ಅರ್ಜಿಯ ಅಂಚಿನಲ್ಲಿ ಒಂದು ಸಾಲು ಬರೆದು, ಹದಿನೈದು ದಿನ ಬಿಟ್ಟು ಬನ್ನಿ ಎಂದರು. ಆ ಸಾಲನ್ನು ನಾನು ಮೇಜಿನ ಈ ಕಡೆಯಿಂದಲೇ ತಲೆಕೆಳಗಾಗಿ ಓದಿಕೊಂಡೆ. 'ಅರ್ಜಿದಾರರು ಅಧಿಕಾರಿಯ ಬೀದಿಯ ಮೇಲೆ ಸಂಶಯ ವ್ಯಕ್ತಪಡಿಸಿದ್ದಾರೆ' ಎಂದಿತ್ತು.

ನಾನು ಅಲ್ಲಿಗೆ ಹೋದದ್ದು ಉದರಮಿತ್ರ ಮಾರುವುದಕ್ಕೆ. ಉದರಮಿತ್ರ ಎಂದರೆ ಪ್ರೊಬಯಾಟಿಕ್ ಗುಳಿಗೆ. ಮೊಸರಿನಲ್ಲಿರುವಂಥ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಒಣಗಿಸಿ, ಗುಳಿಗೆಗೆ ಐನೂರು ಕೋಟಿಯಂತೆ ತುಂಬಿ ತಣ್ಣಗಿಟ್ಟರೆ ಅವು ಒಳಗೆ ನಿದ್ದೆ ಹೊಡೆಯುತ್ತಿರುತ್ತವೆ, ಹೊಟ್ಟೆಗೆ ಹೋದ ಮೇಲೆ ಎದ್ದು ಕೆಲಸ ಶುರುಮಾಡುತ್ತವೆ. ಬದುಕಿರುವ ಸರಕು, ಹೆಚ್ಚು ದಿನ ಕಾಯುವುದಿಲ್ಲ. ನಾಲ್ಕು ಸಾವಿರ ಬಾಟಲಿಗಳನ್ನು ಮಂಜುಗಡ್ಡೆಯ ನಡುವೆ ಇಟ್ಟು ದೋಣಿಯಲ್ಲಿ ತಂದಿದ್ದೆ. ಕಡವಿನ ಸುಂಕದವರು ಅವನ್ನು ತಣ್ಣನೆಯ ಉಗ್ರಾಣಕ್ಕೆ ಹಾಕಿ ಬೀಗ ಜಡಿದರು. ಉದರ ಕಚೇರಿಯ ಪರವಾನಗಿ ತಂದರೆ ಬಿಡುತ್ತೇವೆ, ಎಪ್ಪತ್ತು ದಿನದೊಳಗೆ ತರದಿದ್ದರೆ ಸುಣ್ಣದ ಗುಂಡಿಗೆ ಸುರಿಯುತ್ತೇವೆ ಎಂದು ಚೀಟಿ ಕೊಟ್ಟರು. ಹೊಸ ದೇಶದ ಮಾರುಕಟ್ಟೆ ಹಿಡಿಯುತ್ತೇನೆಂದು ಕಂಪನಿಯವರ ಮುಂದೆ ಎದೆ ತಟ್ಟಿಕೊಂಡು ಬಂದವನು ನಾನು. ಮೊದಲ ದಿನವೇ ಹದಿನೈದು ದಿನ ಕಳೆದುಕೊಂಡೆ.

ನನ್ನ ತಪ್ಪೇನೆಂದು ತಿಳಿಸಿಕೊಟ್ಟವಳು ತುಂಗಕ್ಕ. ಕಂಚುಗಾರರ ಬೀದಿಯಲ್ಲಿ ಒಬ್ಬಳೇ ಮಧ್ಯಾಹ್ನದ ಊಟದ ಮನೆ ನಡೆಸುತ್ತಿದ್ದಳು, ಐವತ್ತಾರರ ಗಟ್ಟಿ ಜೀವ. ನಾನು ಕಚೇರಿಯಲ್ಲಿ ನಡೆದದ್ದನ್ನು ಹೇಳಿದಾಗ ಅವಳು ಸೌಟು ಕೆಳಗಿಟ್ಟು ನಕ್ಕಳು. ಆ ಊರಿನಲ್ಲಿ ಬೀದಿಗೊಂದು ಹೊಟ್ಟೆ. ಪ್ರತಿ ಬೀದಿಯ ಮೂಲೆಯಲ್ಲೂ ಒಂದು ಮೊಸರಿನ ಗಡಿಗೆ ಇರುತ್ತದೆ, ಮನೆಮನೆಗೂ ಅದರಿಂದಲೇ ಹೆಪ್ಪು ಹೋಗುತ್ತದೆ, ಆ ಮೊಸರು ಉಂಡವರೆಲ್ಲರ ಹಸಿವೂ ಒಂದೇ, ತೃಪ್ತಿಯೂ ಒಂದೇ. ಒಬ್ಬ ತಿಂದರೆ ಎಲ್ಲರಿಗೂ ಅಷ್ಟಷ್ಟು ತುಂಬುತ್ತದೆ, ಒಬ್ಬ ಉಪವಾಸ ಬಿದ್ದರೆ ಬೀದಿಯೇ ಚಡಪಡಿಸಿ ಅವನ ಬಾಗಿಲಿಗೆ ಬರುತ್ತದೆ. ಯಾಕೆ ಹೀಗೆ ಎಂದು ಕೇಳಿದರೆ, ನೀರು ಯಾಕೆ ಒದ್ದೆ ಎಂದು ಕೇಳಿದವನನ್ನು ನೋಡುವ ಹಾಗೆ ನೋಡುತ್ತಾರೆ. ಇಂಥ ಕಡೆ ಊಟ ಆಯ್ತಾ ಎಂದರೆ, ನಿನ್ನ ಬೀದಿ ನಿನ್ನನ್ನು ಹಸಿದು ಬಿಟ್ಟಿದೆಯಾ ಎಂದು ಕೇಳಿದ ಹಾಗೆ. "ಮನೆ ಬಾಗಿಲಲ್ಲಿ ನಿಂತು ನಿಮ್ಮಪ್ಪ ಯಾರು ಅಂತ ಕೇಳಿದ್ರೂ ಇಷ್ಟು ಬೇಜಾರಾಗ್ತಿರಲಿಲ್ಲ ಕಣಯ್ಯ ಅವರಿಗೆ" ಎಂದಳು ತುಂಗಕ್ಕ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಾನು ಒಂದೇ ವಾಕ್ಯದಲ್ಲಿ ಎರಡನ್ನೂ ಕೆಡಿಸಿಕೊಂಡಿದ್ದೆ.

ಆ ಹದಿನೈದು ದಿನ ಬೀದಿ ಸುತ್ತಿ ನೋಡಿದೆ. ಏಕಾದಶಿ ಮಾಡುವವರು ಎಂಟು ದಿನ ಮುಂಚೆ ಮನೆಮನೆಗೆ ಹೋಗಿ ಒಪ್ಪಿಗೆ ಕೇಳಿಬರುತ್ತಿದ್ದರು. ಒಂದು ಮನೆಯಲ್ಲಿ ಮದುವೆಯಾದರೆ ಉಳಿದ ಮನೆಗಳಲ್ಲಿ ಮೂರು ದಿನ ಒಲೆ ಹಚ್ಚುತ್ತಿರಲಿಲ್ಲ. ಹಸಿಮೆಣಸಿನಕಾಯಿ ಮನೆಗೆ ದಿನಕ್ಕೆ ನಾಲ್ಕೇ. ಬಸುರಿಯರ ವಾಕರಿಕೆ ಬೀದಿಯ ಗಂಡಸರಿಗೆಲ್ಲ ಹಂಚಿಹೋಗುತ್ತಿದ್ದುದರಿಂದ ಆ ಊರಿನ ಗಂಡಸರು ಬಸುರಿನ ಬಗ್ಗೆ ಹಗುರವಾಗಿ ಮಾತಾಡುತ್ತಿರಲಿಲ್ಲ. ಹೊರಗಿನಿಂದ ಬಂದವರಿಗೆ ಮಾತ್ರ ಮೊಸರು ಕೊಡುವಂತಿಲ್ಲ ಎಂದು ಕಾನೂನು. ಮೂರು ದಿನ ಇದ್ದು ಹೋಗುವವನ ಹೊಟ್ಟೆಯನ್ನು ಬೀದಿ ಯಾಕೆ ಹೊರಬೇಕು? ಹಾಗಾಗಿ ನಾನು ಉಂಡೆನೋ ಬಿಟ್ಟೆನೋ ಎಂಬುದು ಅಷ್ಟು ದೊಡ್ಡ ಊರಿನಲ್ಲಿ ಒಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ಸಾರನ್ನವಾದ ಮೇಲೆ ಮೊಸರಿಲ್ಲದೆ ಕೈ ತೊಳೆಯುವಾಗ ನನಗೆ ನಿಜವಾಗಿ ದುಃಖವಾಗುತ್ತಿತ್ತು.

ಎರಡನೇ ಭೇಟಿಯಲ್ಲಿ ಚಿದಂಬರಯ್ಯನವರು ಲೇಬಲ್ಲಿನ ಮೇಲೆ ಬೆರಳಿಟ್ಟರು. ಜೀರ್ಣಶಕ್ತಿಯನ್ನು ಹೆಚ್ಚಿಸುತ್ತದೆ ಎಂಬುದನ್ನು ಹೊಡೆದು ಹಾಕಿ, ಹೆಚ್ಚಲು ನೆರವಾಗಬಹುದು ಎಂದು ಬರೆದರು. ಅದು ಎಲ್ಲ ದೇಶಗಳಲ್ಲೂ ಇದ್ದದ್ದೇ, ತಲೆಯಾಡಿಸಿದೆ. ಆಮೇಲೆ ಹೆಸರಿಗೆ ಬಂದರು. ಉದರಮಿತ್ರ ಎಂದರೆ ಯಾರ ಉದರಕ್ಕೆ ಮಿತ್ರ, ನುಂಗಿದವನ ಉದರಕ್ಕೋ ಬೀದಿಯ ಉದರಕ್ಕೋ ಎಂದು ಕೇಳಿದರು. ಅವರು ಕೆಟ್ಟವರಲ್ಲ, ಕೆಲಸ ಬಲ್ಲವರು. ಹೊಟ್ಟೆಗೆ ಹೊಸ ಜೀವ ಹೋದರೆ ಹಳೆಯ ಹೆಪ್ಪಿನ ಕತೆ ಏನಾಗುತ್ತದೆ, ಗುಳಿಗೆ ತಿಂದವನು ಬೀದಿಯ ಹೊಟ್ಟೆಯಲ್ಲಿ ಇರುತ್ತಾನೋ ಹೊರಗೆ ಬೀಳುತ್ತಾನೋ ಎಂಬುದು ಅವರ ಪ್ರಶ್ನೆ. ಊರಿನವರೊಬ್ಬರು ಇಪ್ಪತ್ತೊಂದು ದಿನ ಗುಳಿಗೆ ತಿನ್ನಬೇಕು, ನಾನು ದಿನವೂ ಮಧ್ಯಾಹ್ನ ಹೋಗಿ ವಿಚಾರಿಸಿ ಹದಿನಾಲ್ಕನೇ ನಮೂನೆ ತುಂಬಬೇಕು, ಅದಕ್ಕೆ ಆ ಬೀದಿಯ ಎಲ್ಲ ಮನೆಗಳ ಸಹಿ ಬೇಕು ಎಂದು ಬರೆದುಕೊಟ್ಟರು, ಪರೀಕ್ಷೆಗೆಂದು ಉಗ್ರಾಣದಿಂದ ಒಂದು ಬಾಟಲಿ ಬಿಡಿಸಿಕೊಳ್ಳಲು ಚೀಟಿಯನ್ನೂ ಕೊಟ್ಟರು.

ಬೀದಿಯ ಹೊಟ್ಟೆಯಿಂದ ಹೊರಗೆ ಬೀಳಲು ಯಾರು ಒಪ್ಪುತ್ತಾರೆ ಎಂದು ನಾನು ತುಂಗಕ್ಕನ ಜಗುಲಿಯ ಮೇಲೆ ತಲೆಗೆ ಕೈ ಹೊತ್ತು ಕೂತೆ. ಅವಳು ಒಳಗಿನಿಂದ ಬಂದು, ಸೆರಗಿಗೆ ಕೈ ಒರೆಸಿಕೊಂಡು, "ನಾನು ತಿಂತೀನಿ" ಎಂದಳು.

ಕಾರಣ ಪಕ್ಕದ ಮನೆಯಲ್ಲಿತ್ತು. ಅಲ್ಲಿ ಗರಡಿಯ ಉಸ್ತಾದ್ ಚೆನ್ನವೀರಪ್ಪ ಇದ್ದ. ಬೆಳಗ್ಗೆ ಏಳಕ್ಕೆ ಇಪ್ಪತ್ತೆರಡು ಮೊಟ್ಟೆ, ಒಂದು ಚೆಂಬು ಬಾದಾಮಿ ಹಾಲು, ಒಂಬತ್ತಕ್ಕೆ ರೊಟ್ಟಿ, ಹನ್ನೊಂದಕ್ಕೆ ಬಾಳೆಹಣ್ಣು. ಅಷ್ಟು ತಿಂದರೂ ಮಗುವಿನಂಥ ಮನಸ್ಸು. ಗೋಡೆಗೆ ಗೋಡೆ ಹತ್ತಿದ ಮನೆಯಾದ್ದರಿಂದ ಅವನ ಮೊಟ್ಟೆಗಳೆಲ್ಲ ಮೊದಲು ಬಂದು ಕೂರುತ್ತಿದ್ದುದು ತುಂಗಕ್ಕನ ಹೊಟ್ಟೆಯಲ್ಲಿ. ಹದಿನಾರನೇ ವಯಸ್ಸಿಗೆ ಆ ಬೀದಿಗೆ ಮದುವೆಯಾಗಿ ಬಂದಾಗ ಅಲ್ಲಿ ಇವನಪ್ಪನಿದ್ದ, ಅವನೂ ಉಸ್ತಾದನೇ. ನಲವತ್ತು ವರ್ಷದಿಂದ ತುಂಗಕ್ಕ ಹಸಿದಿರಲಿಲ್ಲ. ಇನ್ನೂರು ಜನಕ್ಕೆ ಅಡಿಗೆ ಮಾಡಿ, ಅವರು ಚಪ್ಪರಿಸುವುದನ್ನು ನೋಡಿ, ಕೊನೆಗೆ ತಾನು ತಟ್ಟೆ ಮುಂದೆ ಕೂತು ಔಷಧಿ ನುಂಗಿದ ಹಾಗೆ ನಾಲ್ಕು ತುತ್ತು ನುಂಗಿ ಏಳುತ್ತಿದ್ದಳು. ಅವಳು ಅಂದು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. "ಒಂದೇ ಒಂದ್ ಸಲ ಹಸಿದು ಉಣ್ಣಬೇಕು ಚಂದ್ರಮೌಳಿ. ನಾನ್ ಮಾಡಿದ್ದನ್ನೇ ನಾನು. ಅದು ಹೇಗಿರತ್ತೆ ಅಂತ ಗೊತ್ತಿಲ್ದೆ ಸಾಯೋಕ್ಕೆ ನನಗೆ ಇಷ್ಟ ಇಲ್ಲ."

ಮೂರು ವಾರ ಮನೆಮನೆ ಸುತ್ತಿ ಇಪ್ಪತ್ತಮೂರು ಮನೆಗಳ ಸಹಿ ಅವಳೇ ತಂದಳು. ಉಸ್ತಾದ್ ಕೊನೆಗೆ ಹಾಕಿದ, ಅದೂ ಕಣ್ಣೊರೆಸಿಕೊಂಡು. ಅಕ್ಕ ತನ್ನ ಮೇಲೆ ಮುನಿಸಿಕೊಂಡು ಹೀಗೆ ಮಾಡುತ್ತಿದ್ದಾಳೆ ಎಂದು ಅವನು ತಿಳಿದಿದ್ದ. ಮೊಟ್ಟೆ ಹದಿನೈದಕ್ಕೆ ಇಳಿಸುತ್ತೇನೆ ಎಂದೂ ಹೇಳಿನೋಡಿದ.

ಮೊದಲ ಎಂಟು ದಿನ ಏನೂ ಆಗಲಿಲ್ಲ. ನಾನು ಹೋಗುವುದು, ವಿಚಾರಿಸುವುದು, ನಮೂನೆಯಲ್ಲಿ ಸೊನ್ನೆ ಬರೆಯುವುದು. ಒಂಬತ್ತನೇ ದಿನ ಹೋದಾಗ ಅವಳು ಕಂಬ ಹಿಡಿದು ನಿಂತಿದ್ದಳು, ಮುಖ ಬಿಳಿಚಿಕೊಂಡಿತ್ತು. ಎದೆಯ ಕೆಳಗೆ ಯಾರೋ ಒಳಗಿನಿಂದ ಕರೆಯುತ್ತಿದ್ದಾರೆ, ಡಾಕ್ಟರನ್ನು ಕರೆತಾ ಎಂದಳು. ನಾನು ಗಾಬರಿಯಾಗಿ ಎಲ್ಲಿ, ಹೇಗೆ ಎಂದು ಕೇಳಿ ತಿಳಿದುಕೊಂಡು, ಆಮೇಲೆ ಅಲ್ಲೇ ಕೂತು ನಗತೊಡಗಿದೆ. ಅದು ಹಸಿವು ತುಂಗಕ್ಕ ಎಂದೆ. ಅವಳು ನಂಬಲಿಲ್ಲ. ನಾನೇ ಎಲೆ ಹಾಕಿ ಅವಳ ಅಡಿಗೆಯನ್ನು ಅವಳಿಗೇ ಬಡಿಸಿದೆ. ಬಿಸಿ ಅನ್ನ, ಬೇಳೆಸಾರು, ಹುರುಳಿಕಾಯಿ ಪಲ್ಯ. ಮೊದಲ ತುತ್ತು ಬಾಯಿಗಿಟ್ಟವಳು ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದಳು. ಎರಡನೆಯದನ್ನೂ ಹಾಗೇ. ಮೂರು ಸಲ ಅನ್ನ ಹಾಕಿಸಿಕೊಂಡು, ಬೆರಳು ನೆಕ್ಕಿ, ಕೊನೆಗೆ ಕಣ್ಣು ಬಿಟ್ಟಾಗ ಅವಳ ಮುಖದಲ್ಲಿ ಸಿಟ್ಟಿತ್ತು.

"ಉಪ್ಪು ಕಮ್ಮಿ" ಎಂದಳು. "ನಲವತ್ತು ವರ್ಷದಿಂದ ಕಮ್ಮಿ ಹಾಕ್ತಿದ್ದೀನಿ. ಒಬ್ಬನಾದ್ರೂ ಹೇಳಿದ್ನಾ?"

ಹಸಿವು ರುಚಿಯರಿಯದು ಎಂಬ ಗಾದೆ ಅವಳ ವಿಷಯದಲ್ಲಿ ಸುಳ್ಳಾಯಿತು. ಅವಳ ಹಸಿವು ರುಚಿಯನ್ನಷ್ಟೇ ಅರಿಯುತ್ತಿತ್ತು. ಸಾರಿಗೆ ಉಪ್ಪು ಬಿತ್ತು, ಪಲ್ಯಕ್ಕೆ ಒಗ್ಗರಣೆ ಬದಲಾಯಿತು, ಹುಳಿಗೆ ಬೆಲ್ಲ ಇಳಿಯಿತು. ಬೇರೆ ಬೀದಿಗಳಿಂದಲೂ ಜನ ಉಣ್ಣಲು ಬಂದರು. ಹನ್ನೊಂದು ಗಂಟೆಗೆ ಅವಳಿಗೆ ಹಸಿವು ಬರುತ್ತಿತ್ತು, ಬರುವ ಮುಂಚೆ ಅವಳು ತಲೆ ಬಾಚಿಕೊಂಡು ಕೂರುತ್ತಿದ್ದಳು. ಹೀಗೆ ಮನುಷ್ಯರು ಖುಷಿಪಡುವುದನ್ನು ನಾನು ಔಷಧಿ ಮಾರುವ ಕಸುಬಿನಲ್ಲಿ ಅದುವರೆಗೆ ಕಂಡಿರಲಿಲ್ಲ. ಹದಿನಾಲ್ಕನೇ ನಮೂನೆಯ ಷರಾ ಎಂಬ ಕಡೆ ಏನು ಬರೆಯಬೇಕೋ ತಿಳಿಯದೆ, ಚೆನ್ನಾಗಿದ್ದಾರೆ ಎಂದು ಬರೆದೆ.

ಹದಿನಾಲ್ಕನೇ ದಿನ ಸೋಮವಾರ, ಊಟದ ಮನೆಗೆ ರಜೆ. ಎಂದಿನಂತೆ ಮಧ್ಯಾಹ್ನ ಹೋದರೆ ಮುಂದಿನ ಬಾಗಿಲು ಹಾಕಿತ್ತು. ಬೀದಿಯಲ್ಲಿ ಕಂಚಿನ ಕೆಲಸದವರು ಕಿವಿ ಕಿತ್ತುಹೋಗುವ ಹಾಗೆ ತಾಮ್ರ ಬಡಿಯುತ್ತಿದ್ದರು. ಹಿತ್ತಲಿಗೆ ಬಂದು ತೆರೆದ ಬಾಗಿಲಲ್ಲಿ ನಿಂತು, ನಾಲಗೆಯ ಹಳೆಯ ಚಟದಂತೆ, "ತುಂಗಕ್ಕ, ಊಟ ಆಯ್ತಾ?" ಎಂದು ಕೂಗಿದೆ. ಅವಳೊಬ್ಬಳೇ ಈ ಮಾತಿಗೆ ಬೇಸರ ಮಾಡಿಕೊಳ್ಳುತ್ತಿರಲಿಲ್ಲ.

"ಆಗಿಲ್ಲ ಕಣಯ್ಯ" ಎಂದು ಮೇಲಿನಿಂದ ಉತ್ತರ ಬಂತು. "ನಿನ್ನೆ ಮಧ್ಯಾಹ್ನದಿಂದ ಆಗಿಲ್ಲ. ಏಣಿ ಎತ್ತಿ ಹಾಕು."

ದೊಡ್ಡ ಕೊಪ್ಪರಿಗೆ ಇಳಿಸಲು ಅಟ್ಟ ಹತ್ತಿದ್ದಳಂತೆ, ಏಣಿ ಜಾರಿ ಬಿದ್ದಿದೆ. ಅಟ್ಟ ಎರಡಾಳೆತ್ತರ. ಹಗಲು ಕೂಗಿದ್ದು ಸುತ್ತಿಗೆಯ ಸದ್ದಿನಲ್ಲಿ ಮುಳುಗಿಹೋಗಿದೆ, ರಾತ್ರಿ ಕೂಗಿದ್ದು ದಿನವಿಡೀ ಬಡಿದು ಕಿವಿ ಮಂದವಾದ ಬೀದಿಗೆ ಕೇಳಿಲ್ಲ. ಇಪ್ಪತ್ತನಾಲ್ಕು ಗಂಟೆ ಪಾತ್ರೆಗಳ ನಡುವೆ ಕೂತಿದ್ದಾಳೆ. ಇಳಿದವಳೇ ಒಂದು ಚೆಂಬು ನೀರು ಕುಡಿದು, ಎಂಥ ಹಸಿವು ಎಂದು ಹೊಗಳುತ್ತಾ ಒಲೆ ಹಚ್ಚಿದಳು. ಅವಳಿಗೆ ಅದು ಹಬ್ಬ. ನಾನು ಮಾತ್ರ ಏಣಿ ಹಿಡಿದುಕೊಂಡೇ ನಿಂತಿದ್ದೆ. ಆ ಊರಿನಲ್ಲಿ ಒಬ್ಬರು ಒಂದು ಹೊತ್ತು ಊಟ ತಪ್ಪಿಸಿದರೆ ಬೀದಿಗೆ ಬೀದಿಯೇ ಬಂದು ನಿಲ್ಲುತ್ತಿತ್ತು. ಇವಳಿಗಾಗಿ ಒಬ್ಬನೂ ಬಂದಿರಲಿಲ್ಲ. ಬಾರದಂತೆ ಮಾಡಿದ್ದು ನನ್ನ ಗುಳಿಗೆ.

ಸುದ್ದಿ ತಿಳಿದ ಉಸ್ತಾದ್ ಅಂದೇ ಸಂಜೆ ಉದರ ಕಚೇರಿಗೆ ಹೋಗಿ ತಕರಾರು ಕೊಟ್ಟ. ಚಿದಂಬರಯ್ಯನವರು ಗುಳಿಗೆ ನಿಲ್ಲಿಸಿ, ಏಳು ದಿನಕ್ಕೆ ವಿಚಾರಣೆ ಇಟ್ಟರು. ಅಷ್ಟರಲ್ಲಿ ನನ್ನ ಗಡುವಿಗೆ ಒಂಬತ್ತೇ ದಿನ ಉಳಿಯುತ್ತಿತ್ತು. ಆದರೆ ನನ್ನ ಬಾಟಲಿಗಳಿಗಿಂತ ಬೇಗ ಮುಗಿಯತೊಡಗಿದ್ದು ತುಂಗಕ್ಕನ ಹಸಿವು. ಬೀದಿಯ ಮೊಸರು ಉಣ್ಣುತ್ತಿದ್ದಂತೆ ಅದು ಹನ್ನೊಂದರಿಂದ ಹನ್ನೆರಡಕ್ಕೆ ಹೋಯಿತು, ಹನ್ನೆರಡರಿಂದ ಎರಡಕ್ಕೆ. ಐದನೇ ದಿನ ಬೆಳಗ್ಗೆ ಏಳು ಗಂಟೆಗೆ ನಾನು ಅಲ್ಲೇ ಇದ್ದೆ. ತರಕಾರಿ ಹೆಚ್ಚುತ್ತಿದ್ದವಳಿಗೆ ಇದ್ದಕ್ಕಿದ್ದಂತೆ ಮೊಟ್ಟೆಯ ತೇಗು ಬಂತು. ಅವಳು ಈಳಿಗೆಮಣೆಯಿಂದ ಕೈ ತೆಗೆದು ಪಕ್ಕದ ಗೋಡೆಯನ್ನೇ ನೋಡಿದಳು. ಉಳಿದ ತರಕಾರಿಯನ್ನು ನಾನೇ ಹೆಚ್ಚಿದೆ.

ವಿಚಾರಣೆಯ ದಿನ ನಾನು ಬೆಳಗ್ಗೆ ಕಾಫಿಯನ್ನೂ ಕುಡಿಯದೆ ಹೋದೆ. ಇಪ್ಪತ್ತಮೂರು ಮನೆಯವರೂ ಬಂದು ಕಚೇರಿಯ ಬೆಂಚುಗಳ ಮೇಲೆ ಒತ್ತಿಕೊಂಡು ಕೂತಿದ್ದರು. ಬೇರೆಯವರ ಅಹವಾಲುಗಳೆಲ್ಲ ಮುಗಿದು ನಮ್ಮದು ಬಂದಾಗ ಎರಡು ಗಂಟೆ. ಉಸ್ತಾದ್ ಎದ್ದು ನಿಂತ. ಅಷ್ಟು ದೊಡ್ಡ ದೇಹದಿಂದ ಸಣ್ಣ ದನಿ ಬಂತು. "ಅಕ್ಕ ಅಟ್ಟದ ಮೇಲೆ ಹಸ್ಕೊಂಡು ಕೂತಿದ್ಲು ಸಾರ್. ನಾನು ಗೋಡೆ ಈಚೆ ಹೊಟ್ಟೆ ಬಿರಿಯ ತಿಂದು ಕೂತಿದ್ದೆ. ನನಗೆ ಏನೂ ಗೊತ್ತಾಗ್ಲಿಲ್ಲ. ಅವತ್ತಿಂದ ತಿಂದಿದ್ದು ಮೈಗೆ ಹತ್ತುತ್ತಿಲ್ಲ. ಈ ಗುಳಿಗೆ ಬೇಡ ಸಾರ್ ನಮಗೆ." ಬೆಂಚಿನವರೆಲ್ಲ ಹೌದೆಂದು ತಲೆಯಾಡಿಸಿದರು. ಲೇಬಲ್ಲು, ಪ್ರಯೋಗಾಲಯದ ಚೀಟಿ, ಕಂಪನಿಯ ಪತ್ರ ಎಲ್ಲ ಮಡಿಲಲ್ಲಿದ್ದವು, ಒಂದೂ ಉಪಯೋಗಕ್ಕೆ ಬರುವಂಥದಲ್ಲ.

ತುಂಗಕ್ಕ ಎದ್ದಳು. ಸಾಹೇಬರ ಕಡೆಗಲ್ಲ, ಉಸ್ತಾದನ ಕಡೆಗೆ ತಿರುಗಿದಳು. "ನಿಮ್ಮಪ್ಪನ ಹೊಟ್ಟೆ, ನಿನ್ನ ಹೊಟ್ಟೆ, ನಲವತ್ತು ವರ್ಷ ಹೊತ್ತಿದ್ದೀನಿ ತಮ್ಮ. ಬೇಜಾರು ಮಾಡ್ಕೊಂಡಿಲ್ಲ. ಈಗ ದಿನಕ್ಕೆರಡು ಸಲ ನನ್ನ ಬಾಗಿಲಿಗೆ ಬಂದು ಅಕ್ಕ ಊಟ ಆಯ್ತಾ ಅಂತ ಕೇಳೋಕ್ಕೆ ನಿನ್ನ ಕಾಲು ನೋಯತ್ತಾ?"

ಆ ಮಾತನ್ನು ಕಚೇರಿಯಲ್ಲಿ, ಅಷ್ಟು ಜನರ ಮುಂದೆ, ಒಬ್ಬ ಹೆಂಗಸು ಆಡಿದ್ದಳು. ಉಸ್ತಾದನ ಕಿವಿ ಕೆಂಪಾಯಿತು. ಹಾಗೆ ಕೇಳಬಹುದಾ ಎಂದು ಪಿಸುಗುಟ್ಟಿದ. ಕೇಳಬಹುದು, ಈ ಚಂದ್ರಮೌಳಿ ದಿನಾ ಕೇಳುತ್ತಾನೆ, ಕೇಳಿದ್ದಕ್ಕೇ ನಾನು ಅಟ್ಟದಿಂದ ಇಳಿದದ್ದು ಎಂದಳು ತುಂಗಕ್ಕ.

ಚಿದಂಬರಯ್ಯನವರು ನನ್ನ ಕಡತ ತೆಗೆದು ಮೊದಲ ಪುಟದ ಅಂಚಿನಲ್ಲಿ ತಾವೇ ಬರೆದಿದ್ದ ಸಾಲನ್ನು ಓದಿಕೊಂಡರು. ಆ ಪ್ರಶ್ನೆಗೆ ನಮ್ಮ ಕಡೆ ಅರ್ಥವೇನೆಂದು ನನ್ನನ್ನು ಕೇಳಿದರು. ಅರ್ಥ ಏನೂ ಇಲ್ಲ ಸಾರ್, ಎಲ್ಲರೂ ಎಲ್ಲರನ್ನೂ ಕೇಳುತ್ತೇವೆ ಎಂದೆ. ಅವರು ಆ ಹಳೆಯ ಸಾಲನ್ನು ಅಡ್ಡಗೆರೆ ಎಳೆದು ಹೊಡೆದು ಹಾಕಿದರು. ಟೈಪಿಸ್ಟಿಗೆ ಹೇಳಿ ಬರೆಸಿದರು. ಉದರಮಿತ್ರವನ್ನು ಮಾರಬಹುದು. ಬಾಟಲಿಯ ಮೇಲೆ ಕೆಂಪಕ್ಷರದಲ್ಲಿ ಎಚ್ಚರಿಕೆ ಇರತಕ್ಕದ್ದು. 'ಇದನ್ನು ಸೇವಿಸುವವರನ್ನು ನೆರೆಹೊರೆಯವರು ದಿನಕ್ಕೆ ಎರಡು ಸಲ ಊಟ ಆಯ್ತಾ ಎಂದು ಕೇಳತಕ್ಕದ್ದು.' ತುಂಗಕ್ಕ ಕೈಮುಗಿದಳು, ಕೆನ್ನೆ ಒದ್ದೆಯಾಗಿತ್ತು. ಉಸ್ತಾದ್ ಆ ನಾಲ್ಕಕ್ಷರವನ್ನು ತುಟಿಯಲ್ಲೇ ಅಭ್ಯಾಸ ಮಾಡುತ್ತಿದ್ದ.

ಸಹಿ ಹಾಕುವ ಮುಂಚೆ ಚಿದಂಬರಯ್ಯನವರು ಪೆನ್ನು ಹಿಡಿದ ಕೈಯನ್ನು ನಿಲ್ಲಿಸಿದರು. ತಾವೇ ಪರೀಕ್ಷಿಸಿ ನೋಡದ ಷರತ್ತನ್ನು ಜನರ ಮೇಲೆ ಹೇರುವುದು ಅವರ ಪದ್ಧತಿಯಲ್ಲವಂತೆ. ಅವರು ಎದ್ದು ನಿಂತು, ಕೋಟಿನ ಗುಂಡಿ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡರು. ನಾಚಿಕೆಯಿಂದ ಅವರ ಹಣೆ ಬೆವರಿತ್ತು.

"ಚಂದ್ರಮೌಳಿಯವರೇ, ಊಟ ಆಯ್ತಾ?"

ಈ ಪ್ರಶ್ನೆಯನ್ನು ಹುಟ್ಟಿದಾಗಿನಿಂದ ಸಾವಿರಾರು ಜನ ನನ್ನನ್ನು ಕೇಳಿದ್ದರು. ಎಲ್ಲರಿಗೂ ನಾನು ಆಯ್ತು ಎಂದೇ ಹೇಳಿದ್ದೆ, ಆಗಿದ್ದರೂ ಆಗದಿದ್ದರೂ. ನಮ್ಮ ಕಡೆ ಅದಕ್ಕೆ ಇಲ್ಲ ಎಂದರೆ ಕೇಳಿದವರಿಗೇ ಮುಜುಗರ. ಕೇಳಿದವರು ಉತ್ತರಕ್ಕೆ ನಿಲ್ಲುವುದೂ ಇಲ್ಲ. ಆದರೆ ಈ ಮನುಷ್ಯ ನಿಂತಿದ್ದರು. ಉತ್ತರಕ್ಕಾಗಿ ಕನ್ನಡಕದ ಹಿಂದಿನಿಂದ ನನ್ನನ್ನೇ ನೋಡುತ್ತಿದ್ದರು. ಎರಡು ತಿಂಗಳಿಂದ ನಾನು ಉಂಡದ್ದು ಬಿಟ್ಟದ್ದು ಆ ಊರಿನಲ್ಲಿ ಯಾರಿಗೂ ತಿಳಿದಿರಲಿಲ್ಲ.

"ಇಲ್ಲ ಸಾರ್" ಎಂದೆ.

ಇಡೀ ಕಚೇರಿ ಕಕ್ಕಾಬಿಕ್ಕಿಯಾಯಿತು. ಪ್ರಶ್ನೆಯನ್ನೇನೋ ಅವರು ಕಲಿತಿದ್ದರು, ಈ ಉತ್ತರ ಬಂದರೆ ಮುಂದೇನು ಎಂಬುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಸಾಹೇಬರು ನಮೂನೆಯನ್ನು ತಿರುವಿ ಹಿಂಬದಿ ನೋಡಿದರು. ಟೈಪಿಸ್ಟ್ ನೀರಿನ ಲೋಟ ಎತ್ತಿ ಮತ್ತೆ ಅಲ್ಲೇ ಇಟ್ಟಳು. ಉಸ್ತಾದ್ ಜೇಬು ತಡಕಿ ಒಂದು ಬಾಳೆಹಣ್ಣು ತೆಗೆದು, ಕೊಡಬಹುದೋ ಬಾರದೋ ಎಂದು ಕೈಯಲ್ಲೇ ಹಿಡಿದು ನಿಂತ. ಕೊನೆಗೆ ತುಂಗಕ್ಕನೇ ಎದ್ದು, ಇಷ್ಟು ಜನ ನೋಡುತ್ತಾ ಕೂತರೆ ಅವನ ಹೊಟ್ಟೆ ತುಂಬುತ್ತದಾ ಎಂದು ಗದರಿ, ನನ್ನ ತೋಳು ಹಿಡಿದು ಎಬ್ಬಿಸಿದಳು. ಸಾಹೇಬರು ಒಂದು ಕ್ಷಣ ನಿಲ್ಲಿ ಎಂದರು. ಟೈಪಾದ ಹಾಳೆಯನ್ನು ಹತ್ತಿರ ಎಳೆದುಕೊಂಡು, ಎಚ್ಚರಿಕೆಯ ಸಾಲಿನ ಕೆಳಗೆ ತಮ್ಮ ಕೈಯಾರೆ ಇನ್ನೊಂದು ಸಾಲು ಸೇರಿಸಿ, ಆಮೇಲೆ ಸಹಿ ಹಾಕಿ ಮೊಹರು ಒತ್ತಿದರು. ನಾಲ್ಕು ಸಾವಿರ ಬಾಟಲಿಗಳ ಮೇಲೂ ಆ ಸಾಲು ಹಾಗೇ ಅಚ್ಚಾಯಿತು.

'ಇಲ್ಲ ಎಂದರೆ ಬಡಿಸತಕ್ಕದ್ದು.'